ಕ್ಯಾಮರಾ ಮತ್ತು ಅದರ ಪರಿವಾರ

ನಮ್ಮ ಡೊಂಬಿವಲಿಯ ಮನೆಯಲ್ಲಿ ದೇವರ ಗೂಡಿನ ಎದುರು ಗೋಡೆಯ ಮೇಲೆ ನನ್ನ ಅಜ್ಜನ ಭಾವಚಿತ್ರವೊಂದಿದೆ. ಮೊದಲ ಸಲ ನೋಡಿದವರೆಲ್ಲ, "ಅಜ್ಜನವರು ಯಾರನ್ನೋ ಕಂಡು ಬೆಚ್ಚಿದಂತಿದೆಯಲ್ಲ!" ಎನ್ನುತ್ತಾರೆ. ಬೆಚ್ಚಿದ್ದು ನಿಜ. ಅದು ಮತದಾರರ ಗುರುತಿನ ಚೀಟಿಗಾಗಿ ಊರ ಶಾಲೆಯಲ್ಲಿ ಸರದಿಗೆ ನಿಲ್ಲಿಸಿ ತೆಗೆದ ಚಿತ್ರ. 2009ರಲ್ಲಿ ಅಜ್ಜ ತೀರಿಕೊಂಡಾಗ ಮನೆಯನ್ನೆಲ್ಲ ಹುಡುಕಿದರೂ ಅವನದೆಂಬ ಬೇರೊಂದು ಚಿತ್ರ ಸಿಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟಿದ್ದ ಆ ಮುಖವನ್ನೇ ಸ್ಟುಡಿಯೋದವರು ಹಿಗ್ಗಿಸಿ, ಕಾಣದ ಕಡೆ ಬಣ್ಣ ತುಂಬಿ, ಹೆಗಲಿಗೊಂದು ಕೋಟು ತೊಡಿಸಿ ಕೊಟ್ಟರು. ಜನ್ಮವಿಡೀ ಧೋತರ-ಅಂಗಿಯಲ್ಲಿ ಬಾಳಿದ ಅಜ್ಜ ಈಗ ಕೋಟು ಹಾಕಿಕೊಂಡು, ಬೆಚ್ಚಿ, ನಮ್ಮನ್ನು ನೋಡುತ್ತ ಕುಳಿತಿದ್ದಾನೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇಂಥ ಚಿತ್ರಗಳು ಅಪರೂಪವಲ್ಲವೆಂಬುದು ವಾಚಕರಿಗೆ ಗೊತ್ತೇ ಇದೆ.

ನಾನು ಕ್ಯಾಮರಾ ಕೊಂಡದ್ದು ಈ ಕೋಟಿನ ದೆಸೆಯಿಂದ. ಅಜ್ಜಿಗೆ ಆಗ ಎಂಬತ್ತಮೂರು ತುಂಬಿತ್ತು. ರೋಣ ತಾಲೂಕಿನ ನಮ್ಮ ಹಳ್ಳಿಯನ್ನು ಬಿಟ್ಟು ಆಕೆ ಎಲ್ಲಿಗೂ ಬರುವವಳಲ್ಲ. ಅವಳಿಗಾದರೂ ಯಾರೂ ಕೋಟು ತೊಡಿಸುವ ಪ್ರಸಂಗ ಬರಬಾರದೆಂದು ನಿಶ್ಚಯಿಸಿದೆ.

"ಮೊಬೈಲು ಇರುವಾಗ ಇನ್ನೊಂದು ಯಾಕೆ?" ಎಂದು ನನ್ನ ಹೆಂಡತಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಹಗಲು ಬೆಳಕಿನಲ್ಲಿ ಮೊಬೈಲು ತೆಗೆಯುವ ಚಿತ್ರವನ್ನು ಹಳಿಯುವವನು ನಾನಲ್ಲ. ಆದರೆ ಊರಿನ ನಮ್ಮ ಮನೆ ಮಾಳಿಗೆಯದು. ಮಣ್ಣಿನ ದಪ್ಪ ಗೋಡೆ, ತಲೆ ಬಾಗಿಸಿ ಹೋಗಬೇಕಾದ ಬಾಗಿಲು, ಒಳಗೆ ಹಾಡುಹಗಲಲ್ಲೂ ಅರೆಗತ್ತಲೆ. ಅಲ್ಲಿ ನನ್ನ ಮೊಬೈಲು ತೆಗೆದ ಚಿತ್ರ ಅಂಗೈಯಗಲದ ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಗೋಡೆಗೆ ಹಾಕುವಷ್ಟು ಹಿಗ್ಗಿಸಿದರೆ ಮುಖದ ಸುಕ್ಕುಗಳೆಲ್ಲ ಮೇಣ ಬಳಿದಂತೆ ಅಳಿಸಿಹೋಗುತ್ತಿದ್ದವು. ಅಜ್ಜಿಯ ಮುಖದಿಂದ ಸುಕ್ಕುಗಳನ್ನು ಅಳಿಸಿದರೆ ಉಳಿಯುವುದೇನು?

ಡಿ.ಎಸ್.ಎಲ್.ಆರ್. ಎಂಬ ಜಾತಿಯ ಕ್ಯಾಮರಾದ ಹೂರಣವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಲೆನ್ಸಿನ ಹಿಂದೆ ಓರೆಯಾಗಿ ನಿಂತ ಒಂದು ಕನ್ನಡಿ ಇದೆ. ಲೆನ್ಸಿನೊಳಗೆ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಆದ್ದರಿಂದ ಲೆನ್ಸು ಏನನ್ನು ಕಾಣುತ್ತದೆಯೋ ಅದನ್ನೇ ನಾವೂ ಕಾಣುತ್ತೇವೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು, ಹಿಂದಿನ ಪರದೆ ತೆರೆದು ಮುಚ್ಚಿ, ಕನ್ನಡಿ ಪುನಃ ಕೆಳಗೆ ಬೀಳುತ್ತದೆ. 'ಖಟಕ್' ಎನ್ನುವ ಆ ಸದ್ದಿಗೇ ಎಷ್ಟೋ ಜನ ಮರುಳಾಗಿ ಕ್ಯಾಮರಾ ಕೊಳ್ಳುತ್ತಾರೆ. ಹಿಂದೆ ಫಿಲ್ಮು ಇದ್ದ ಸ್ಥಳದಲ್ಲಿ ಈಗ ಬೆಳಕು ಹಿಡಿಯುವ ಸೆನ್ಸರ್ ಎಂಬ ಫಲಕವಿದೆ. ನನ್ನ ಕ್ಯಾಮರಾದಲ್ಲಿ ಅದರ ಅಳತೆ 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲ. ಮೊಬೈಲಿನದಕ್ಕಿಂತ ಇದು ಎಷ್ಟೋ ಪಟ್ಟು ದೊಡ್ಡದು. ಮಳೆ ಹಿಡಿಯಲು ಚೆರಿಗೆ ಇಡುವುದಕ್ಕೂ ಕೊಪ್ಪರಿಗೆ ಇಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು.

ಈ ಯಂತ್ರದ ವಂಶಾವಳಿ ಚಿಕ್ಕದು. 1975ರಲ್ಲಿ ಅಮೇರಿಕೆಯ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಫಿಲ್ಮಿಲ್ಲದ ಕ್ಯಾಮರಾ ಒಂದನ್ನು ಕಟ್ಟಿದನು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು, ಚಿತ್ರದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕೆ. 1991ರಲ್ಲಿ ಅದೇ ಕಂಪನಿ ನಿಕಾನ್ ಎಫ್-3 ಪೆಟ್ಟಿಗೆಗೆ ಸೆನ್ಸರ್ ಜೋಡಿಸಿ ಮಾರಾಟಕ್ಕೆ ತಂದಿತು. 2003ರಲ್ಲಿ ಕ್ಯಾನನ್‌ನ 300-ಡಿ ಸಾವಿರ ಡಾಲರಿನ ಒಳಗೆ ಬಂದ ಮೇಲೆ ಹವ್ಯಾಸಿಗಳ ಕೈಗೆ ಎಟುಕಿತು. ಈಗ ಕನ್ನಡಿಯಿಲ್ಲದ ಕ್ಯಾಮರಾಗಳ ಕಾಲ. 2020ರ ಅನಂತರ ನಿಕಾನ್ ಆಗಲಿ ಕ್ಯಾನನ್ ಆಗಲಿ ಈ ಜಾತಿಯ ಹೊಸ ಮಾದರಿಯನ್ನು ತಂದಿಲ್ಲ. ಶ್ರೀಮಂತರು ಹೊಸದಕ್ಕೆ ಹಾರಿದ್ದಾರೆ. ಅವರು ಬಿಟ್ಟದ್ದು ನಮ್ಮಂಥವರಿಗೆ ಅರ್ಧ ಬೆಲೆಗೆ ದೊರೆಯುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ.

2022ರ ದಸರೆಯ ಹೊತ್ತಿಗೆ ಮುಂಬಯಿಯ ಕೋಟೆ ವಿಭಾಗದ ಅಂಗಡಿಯೊಂದರಲ್ಲಿ ನಿಕಾನ್ ಡಿ-3400 ಎಂಬ ಕೈಬದಲಾದ ಕ್ಯಾಮರಾ, 18-55 ಮಿ.ಮೀ. ಲೆನ್ಸಿನೊಡನೆ, 19,000 ರೂಪಾಯಿಗೆ ನನ್ನದಾಯಿತು. ಹಳೆಯದನ್ನು ಕೊಳ್ಳುವವರು ಮೂರು ಪರೀಕ್ಷೆಗಳನ್ನು ಮರೆಯಬೇಡಿರಿ. ಲೆನ್ಸನ್ನು ಕಳಚಿ, ಒಂದು ಬದಿಯಿಂದ ಬ್ಯಾಟರಿ ದೀಪ ಹಿಡಿದು, ಇನ್ನೊಂದು ಬದಿಯಿಂದ ನೋಡಿರಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸು, ಆ ಲೆನ್ಸು ಬೇಡ. ಕಿಂಡಿಯನ್ನು 16ಕ್ಕೆ ಇಟ್ಟು ಬಿಳಿಯ ಗೋಡೆಯ ಚಿತ್ರ ತೆಗೆಯಿರಿ; ಕರಿಯ ಮಚ್ಚೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ಮೂರನೆಯದು, ಪರದೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕ. ನಿಕಾನ್ ಕ್ಯಾಮರಾ ಇದನ್ನು ಪ್ರತಿಯೊಂದು ಚಿತ್ರದ ಕಡತದಲ್ಲೂ ಗುಟ್ಟಾಗಿ ಬರೆದಿಡುತ್ತದೆ. ಒಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ನೋಡಿದರೆ ಹೊರಬೀಳುತ್ತದೆ. ಆರಂಭದ ದರ್ಜೆಯ ಕ್ಯಾಮರಾದಿಂದ ಸುಮಾರು ಒಂದು ಲಕ್ಷದ ಬಾಳಿಕೆ ನಿರೀಕ್ಷಿಸಬಹುದು. ನನ್ನದು ಹನ್ನೊಂದು ಸಾವಿರ ಮಾತ್ರ ದುಡಿದಿತ್ತು.

ಇಷ್ಟೆಲ್ಲ ಜಾಣತನ ತೋರಿಸಿದವನು ಮುಂದಿನ ಹತ್ತು ನಿಮಿಷದಲ್ಲಿ ಮೋಸಹೋದೆ. ಕ್ಯಾಮರಾ ಎಂದರೆ ಮದುಮಗನಿದ್ದಂತೆ. ಅವನೊಬ್ಬನನ್ನು ಕರೆದರೆ ದಿಬ್ಬಣವೇ ಬಂದಿಳಿಯುತ್ತದೆ. "ಟ್ರೈಪಾಡ್ ಇಲ್ಲದೆ ಕ್ಯಾಮರಾ ಏತಕ್ಕೆ ಸಾಹೇಬರೇ?" ಎಂದ ಅಂಗಡಿಯವನು. ಆಮೇಲೆ ಅತಿನೇರಳೆ ಕಿರಣ ತಡೆಯುವ ಫಿಲ್ಟರು, ಲೆನ್ಸಿನ ಮುಂದೆ ತಿರುಪಿ ಕೂಡಿಸುವ 'ವೈಡ್' ಗಾಜು, ಬಣ್ಣದ ಫಿಲ್ಟರುಗಳ ಡಬ್ಬಿ, ಒರೆಸುವ ದ್ರವ, ಚೀಲ. ಎಲ್ಲ ಸೇರಿ 3,800 ರೂಪಾಯಿ. ಟ್ರೈಪಾಡು ಸೊಳ್ಳೆಯ ಕಾಲಿನಷ್ಟು ಗಟ್ಟಿ. ಈಗ ಬಾಲ್ಕನಿಯಲ್ಲಿ ಅಮೃತಬಳ್ಳಿಗೆ ಆಸರೆಯಾಗಿದೆ. ಅತಿನೇರಳೆ ಕಿರಣಗಳು ಫಿಲ್ಮನ್ನು ಕಾಡುತ್ತಿದ್ದವು. ಡಿಜಿಟಲ್ ಸೆನ್ಸರಿನ ಮುಂದೆ ಅವನ್ನು ತಡೆಯುವ ಗಾಜು ಮೊದಲೇ ಇರುವುದರಿಂದ ಆ ಫಿಲ್ಟರಿಗೆ ಉಳಿದದ್ದು ಲೆನ್ಸಿಗೆ ಗೀರು ಬೀಳದಂತೆ ಕಾಯುವ ಕೆಲಸವಷ್ಟೆ. ವೈಡ್ ಗಾಜಿನಲ್ಲಿ ನೋಡಿದರೆ ನಮ್ಮ ಓಣಿ ಅಂಬಲಿ ಬಟ್ಟಲಲ್ಲಿ ಮುಳುಗಿದಂತೆ ಕಾಣುತ್ತದೆ. ಬಣ್ಣದ ಫಿಲ್ಟರುಗಳಿಂದ ಮಗಳು ಆಟವಾಡಿದಳು. ಒಂದು ಚೀಲ ಮಾತ್ರ ಲಾಭ.

ನಿಜವಾಗಿ ಬೇಕಾದ ಪರಿವಾರ ಬೇರೆಯೇ ಇದೆ; ಅಂಗಡಿಯವನು ಅದನ್ನು ಒತ್ತಾಯಿಸಲಿಲ್ಲ, ಅದರಲ್ಲಿ ಅವನಿಗೆ ಗಿಟ್ಟುವುದು ಕಡಿಮೆ. ಒಂದಲ್ಲ, ಎರಡು ಮೆಮೊರಿ ಕಾರ್ಡು. ಲೆನ್ಸಿನ ತುದಿಗೆ ಕೂಡಿಸುವ ಚಿಕ್ಕ ಕೊಳವೆ, ಅಡ್ಡಬೆಳಕನ್ನೂ ತಡೆಯುತ್ತದೆ, ಡಿಕ್ಕಿಯನ್ನೂ ತಡೆಯುತ್ತದೆ. ಧೂಳು ಊದುವ ರಬ್ಬರಿನ ಬುರುಡೆ. ಬಾಯಿಂದ ಊದಿದರೆ ಉಗುಳು ಬೀಳುತ್ತದೆ, ನಾನು ಬೀಳಿಸಿದ್ದೇನೆ. ಮುಂಬಯಿಯವರಿಗೂ ಚೆನ್ನೈಯವರಿಗೂ ಎಲ್ಲಕ್ಕಿಂತ ಮುಖ್ಯವಾದದ್ದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್‌ನ ಹರಳುಗಳು. ಮಳೆಗಾಲದ ನಾಲ್ಕು ತಿಂಗಳು ಕ್ಯಾಮರಾವನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಮರೆತರೆ ಗಾಜಿನ ಮೇಲೆ ಬೂಸು ಬೆಳೆಯದೆ ಬಿಡದು. ಹರಳು ಬಣ್ಣ ಬದಲಿಸಿದಾಗ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಪುನಃ ಕೆಲಸಕ್ಕೆ ಬರುತ್ತದೆ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ, ಬೇಡ.

ಆ ದೀಪಾವಳಿಗೆ ಊರಿಗೆ ಹೋದೆ. ಅಜ್ಜಿಯನ್ನು ನಡುಮನೆಯಲ್ಲಿ ಕೂಡಿಸಿ, ಕ್ಯಾಮರಾವನ್ನು 'ಆಟೋ' ಎಂಬಲ್ಲಿಗೆ ತಿರುಗಿಸಿ ಒತ್ತಿದೆ. ಫ್ಲಾಶು ತಾನಾಗಿ ತಲೆಯೆತ್ತಿ ಮಿಂಚಿತು. ಅಜ್ಜಿ ಕಣ್ಣು ಮುಚ್ಚಿದಳು; ಹಿಂದಿನ ಗೋಡೆಯ ಮೇಲೆ ದೆವ್ವದಂಥ ನೆರಳು. ಫ್ಲಾಶನ್ನು ಆರಿಸಿದೆ. ಐ.ಎಸ್.ಓ. 100 ಇದ್ದರೆ ಚಿತ್ರ ಸ್ವಚ್ಛವೆಂದು ಎಲ್ಲಿಯೋ ಓದಿದ್ದೆನಾದ್ದರಿಂದ ಅದನ್ನು ಅಲ್ಲಿಗೇ ಕಟ್ಟಿಹಾಕಿದೆ. ಅರವತ್ತು ಚಿತ್ರ ತೆಗೆದೆ. ಹಿಂಬದಿಯ 3 ಇಂಚಿನ ತೆರೆಯಲ್ಲಿ ಎಲ್ಲವೂ ಸುಂದರ. ಡೊಂಬಿವಲಿಗೆ ಮರಳಿ ಒಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿದಾಗ ಅಜ್ಜಿಗೆ ನಾಲ್ಕು ಕಣ್ಣು, ಎರಡು ಮೂಗು. ಉಳಿದ ಐವತ್ತೊಂಬತ್ತೂ ಹಾಗೆಯೇ.

ಆಗ ಕುಳಿತು ಕಲಿತೆ. ಕಲಿಯಬೇಕಾದದ್ದು ಮೂರೇ: ಕಿಂಡಿ, ಪರದೆ, ಸೆನ್ಸರಿನ ಚುರುಕು. ಲೆನ್ಸಿನೊಳಗಿನ ಕಿಂಡಿಯನ್ನು ಎಫ್ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದೆಂಬುದು ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ. ಅದು ಬರಿಯ ಭಾಗಾಕಾರ: 50 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಕಿಂಡಿಯ ಅಗಲ 25 ಮಿ.ಮೀ., 16ಕ್ಕೆ ಇಟ್ಟರೆ ಸುಮಾರು 3. ಪರದೆ ಎಷ್ಟು ಹೊತ್ತು ತೆರೆದಿರಬೇಕೆಂಬುದು ಎರಡನೆಯದು. ಐ.ಎಸ್.ಓ. ಎಂಬುದು ಚುರುಕು, ಏರಿಸಿದಷ್ಟೂ ಕಡಿಮೆ ಬೆಳಕಿನಲ್ಲಿ ಚಿತ್ರ ಬರುತ್ತದೆ, ಆದರೆ ರವೆ ಉದುರಿಸಿದಂತೆ ಕಾಳುಕಾಳಾಗುತ್ತದೆ.

ದೀಪಾವಳಿಯ ಚಿತ್ರಗಳ ಜಾತಕ ಬಿಡಿಸಿ ನೋಡಿದೆ. ಕಿಂಡಿ 5.6, ಐ.ಎಸ್.ಓ. 100, ಪರದೆ ಸೆಕೆಂಡಿನ ಐದನೆಯ ಒಂದು ಭಾಗ. ಇಷ್ಟು ಹೊತ್ತು ಕೈ ನಡುಗದೆ ಹಿಡಿಯುವವನೂ ಇಲ್ಲ, ಅಲುಗದೆ ಕೂಡುವ ಅಜ್ಜಿಯೂ ಇಲ್ಲ. ಕಿಂಡಿಯನ್ನು 5.6ರಿಂದ 2ಕ್ಕೆ ತೆರೆದರೆ ಎಂಟು ಪಟ್ಟು ಬೆಳಕು. ಚುರುಕನ್ನು 100ರಿಂದ 800ಕ್ಕೆ ಏರಿಸಿದರೆ ಇನ್ನೆಂಟು ಪಟ್ಟು. ಎಂಟೆಂಟ್ಲೆ ಅರವತ್ತನಾಲ್ಕು. ಐದನೆಯ ಒಂದು ಭಾಗ ಹೋಗಿ ಮುನ್ನೂರ ಇಪ್ಪತ್ತನೆಯ ಒಂದು ಭಾಗವಾಯಿತು. ನಾಲ್ಕನೆಯ ಇಯತ್ತೆಯ ಮಗ್ಗಿಯಲ್ಲಿ ಇದ್ದ ಪರಿಹಾರಕ್ಕೆ ನಾನು ಹೊಸ ಕ್ಯಾಮರಾ ಕೊಳ್ಳಲು ಹೊರಟಿದ್ದೆ!

ಆದರೆ ನನ್ನ ಲೆನ್ಸಿನ ಕಿಂಡಿ 3.5ಕ್ಕಿಂತ ಹೆಚ್ಚಿಗೆ ತೆರೆಯದು. 55ಕ್ಕೆ ಎಳೆದರೆ ಅದೂ ಇಲ್ಲ, 5.6. ಹಾಗಾಗಿ 50 ಮಿ.ಮೀ. ಎಫ್ 1.8 ಲೆನ್ಸು, ಅದೂ ಕೈಬದಲಾದದ್ದು, 6,000 ರೂಪಾಯಿಗೆ ತಂದೆ. ಮನೆಗೆ ಬಂದು ಕೂಡಿಸಿದರೆ ಕ್ಯಾಮರಾದ ಕಿಟಕಿಯಲ್ಲಿ 'ಎಫ್-ಇ-ಇ' ಎಂಬ ಮೂರಕ್ಷರ. ಲೆನ್ಸಿನ ಮೇಲಿನ ಉಂಗುರವನ್ನು 22ಕ್ಕೆ ತಿರುಗಿಸಿ ಬಂಧಿಸಬೇಕೆಂದು ಗೊತ್ತಾಗಲು ಒಂದು ರಾತ್ರಿ ಹಿಡಿಯಿತು. ಆಮೇಲೆ ಇನ್ನೊಂದು ಸಂಗತಿ ಬಯಲಾಯಿತು: ಲೆನ್ಸು ತಾನಾಗಿ ಫೋಕಸ್ ಆಗಲೊಲ್ಲದು. ನಿಕಾನ್‌ನ ಹಳೆಯ ಎ.ಎಫ್. ಲೆನ್ಸುಗಳಲ್ಲಿ ಮೋಟಾರು ಇಲ್ಲ, ಕ್ಯಾಮರಾದ ಮೋಟಾರೇ ಅವನ್ನು ತಿರುಗಿಸಬೇಕು. 3000ದ ಸಾಲಿನ ಕ್ಯಾಮರಾಗಳಲ್ಲಿ ಆ ಮೋಟಾರು ಇಲ್ಲ. ಎ.ಎಫ್. ಆದ ಮೇಲೆ ಗೀಟು ಎಳೆದು 'ಎಸ್' ಎಂಬ ಅಕ್ಷರವಿರುವ ಲೆನ್ಸನ್ನೇ ಕೇಳಬೇಕಿತ್ತು. ಒಂದಕ್ಷರದ ತಪ್ಪು! ಕ್ಯಾನನ್ ಇಟ್ಟುಕೊಂಡವರಿಗೆ ಈ ತೊಡಕಿಲ್ಲ. ಅವರ ಲೆನ್ಸಿನೊಳಗೇ ಮೋಟಾರು ಇರುತ್ತದೆ. ಇನ್ನೊಂದು ಮಾತು. ಈ ಅಳತೆಯ ಸೆನ್ಸರಿನಲ್ಲಿ 50ರ ಲೆನ್ಸು ಹಳೆಯ ಫಿಲ್ಮ್ ಕ್ಯಾಮರಾದ 75ರಂತೆ ವರ್ತಿಸುತ್ತದೆ. ಮುಂಬಯಿಯ ಕೋಣೆಗಳಲ್ಲಿ ಇಬ್ಬರನ್ನು ಕೂಡಿಸಿ ತೆಗೆಯಲು ಬೆನ್ನು ಗೋಡೆಗೆ ತಾಗುತ್ತದೆ. ಚಿಕ್ಕ ಮನೆಯವರಿಗೆ 35 ಮಿ.ಮೀ. ಮೇಲು.

ಇದ್ದದ್ದರಲ್ಲೇ ಸಾಗಿಸಬೇಕಾಯಿತು. ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಉಳ್ಳಾಗಡ್ಡಿ ಇಟ್ಟು, ದಿನಾಲು ಕಚೇರಿಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ, ಕೈಯಿಂದ ಉಂಗುರ ತಿರುಗಿಸಿ ಫೋಕಸ್ ಮಾಡುವುದನ್ನು ಕಲಿತೆ. ಸರಿಯಾದಾಗ ಕ್ಯಾಮರಾದ ಕಿಟಕಿಯ ಮೂಲೆಯಲ್ಲಿ ಚಿಕ್ಕ ಹಸಿರು ಚುಕ್ಕೆ ಬೆಳಗುತ್ತದೆ. ಆ ಉಳ್ಳಾಗಡ್ಡಿ ಮೊಳಕೆಯೊಡೆಯುವವರೆಗೂ ನನ್ನ ಪಾಠ ನಡೆಯಿತು.

2023ರ ಸಂಕ್ರಾಂತಿಗೆ ಪುನಃ ಗದಗಿನ ರೈಲು ಹತ್ತಿದೆ. ಈ ಸಲ ಬೆಳಕನ್ನು ಹುಡುಕಿದೆ. ನಮ್ಮ ಮಾಳಿಗೆಯ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುವುದಷ್ಟೆ? ಮಧ್ಯಾಹ್ನದ ಹೊತ್ತು ಅದರಿಂದ ಬಿಸಿಲಿನ ಕೋಲೊಂದು ನಡುಮನೆಗೆ ಇಳಿಯುತ್ತದೆ. ಅದನ್ನು ಕಂಡಾಗ ನಮ್ಮ ವಿ. ಕೆ. ಮೂರ್ತಿಯವರ ನೆನಪಾಯಿತು. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟವರು. ಛಾಯಾಗ್ರಾಹಕರ ಪೈಕಿ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯನ್ನು ಮೊದಲು ಪಡೆದವರೂ ಅವರೇ, 2008ನೆಯ ಸಾಲಿನದು. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಬರಿದಾದ ಸ್ಟುಡಿಯೋದೊಳಗೆ ಬೆಳಕಿನ ಕಂಬದಂತೆ ಇಳಿಯುವ ಕಿರಣವನ್ನು ಅವರು ದೀಪದಿಂದ ತಂದದ್ದಲ್ಲ, ಎರಡು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ ತಂದದ್ದು. ದುಬಾರಿ ದೀಪಗಳು ಸಾಲಾಗಿದ್ದ ಸ್ಟುಡಿಯೋದಲ್ಲಿ ಕನ್ನಡಿ!

ನನ್ನಲ್ಲಿಯೂ ಕನ್ನಡಿ ಇತ್ತು, ಅಜ್ಜಿ ಕುಂಕುಮ ಇಡುವುದನ್ನು ಬಿಟ್ಟ ಮೇಲೆ ಮೊಳೆಗೆ ತೂಗುಹಾಕಿದ್ದು. ಕಾಕಾನ ಮಗನಿಗೆ ಅದನ್ನು ಕೊಟ್ಟು ಬಿಸಿಲಕೋಲಿಗೆ ಹಿಡಿಯಹೇಳಿದೆ. ನೇರ ಬಿಸಿಲು ಮುಖಕ್ಕೆ ಬಿದ್ದರೆ ಕಣ್ಣು ಕಿರಿದಾಗುತ್ತದೆ, ಸುಕ್ಕುಗಳು ಗೆರೆ ಕೊರೆದಂತಾಗುತ್ತವೆ. ಆದ್ದರಿಂದ ಅಜ್ಜನ ಹಳೆಯ ಧೋತರವೊಂದನ್ನು ಬದಿಯ ಕಂಬಕ್ಕೂ ಗೂಟಕ್ಕೂ ಕಟ್ಟಿ, ಕನ್ನಡಿಯ ಬೆಳಕನ್ನು ಅದರ ಮೇಲೆ ಬೀಳಿಸಿದೆವು. ಧೋತರದಿಂದ ಹೊರಳಿದ ಬೆಳಕು ಹಾಲಿನಂತೆ ಅಜ್ಜಿಯ ಕೆನ್ನೆಗೆ ಬಂತು. ಅಂಗಡಿಯಲ್ಲಿ ಇದಕ್ಕೆ ರಿಫ್ಲೆಕ್ಟರ್ ಎಂದು ಹೆಸರು.

ಅಜ್ಜಿ ಹೋಳಿಗೆಗೆಂದು ಶೇಂಗಾ ಸುಲಿಯುತ್ತ ಕೂತಿದ್ದಳು. ಸೂರ್ಯ ಸರಿದಂತೆ ಕೋಲೂ ಸರಿಯುತ್ತದೆ. ನನಗೆ ಇದ್ದದ್ದು ಹತ್ತು ಹನ್ನೆರಡು ನಿಮಿಷ. ಎಫ್ 2ರಲ್ಲಿ ಕಣ್ಣು ಸ್ಪಷ್ಟವಾದರೆ ಕಿವಿಯ ಬುಗುಡಿ ಮಸುಕು; ಅದಕ್ಕೆ ಕಿಂಡಿಯನ್ನು 2.8ಕ್ಕೆ ತಂದು, ಪರದೆಯನ್ನು ನೂರಾ ಅರವತ್ತನೆಯ ಒಂದು ಭಾಗಕ್ಕೆ ಇಳಿಸಿದೆ. ಹಸಿರು ಚುಕ್ಕೆಗಾಗಿ ಉಂಗುರ ತಿರುಗಿಸುತ್ತ ತಿರುಗಿಸುತ್ತ ಬಹಳ ಹೊತ್ತಾಯಿತೆಂದು ಕಾಣುತ್ತದೆ.

"ಅಲ್ಲೋ ತಮ್ಮಾ, ಅಷ್ಟೊತ್ತಿನಿಂದ ಏನ್ ನೋಡಾಕತ್ತೀಯೋ? ನನ್ನ ಮಾರಿ ಮೊದಲ ಕಂಡಿಲ್ಲೇನು?" ಎಂದಳು.

ಕಂಡಿದ್ದೆ. ಎಡಗಣ್ಣಿನ ಕೆಳಗೆ ಒಲೆಯ ಕಿಡಿ ಸಿಡಿದು ಆದ ಕಲೆಯನ್ನು ಮಾತ್ರ ಅಂದೇ ಮೊದಲು ನೋಡಿದೆ. ಮೂವತ್ತೆಂಟು ಚಿತ್ರ ತೆಗೆಯುವಷ್ಟರಲ್ಲಿ ಬಿಸಿಲು ಗೋಡೆ ಹತ್ತಿತು.

ಅಂದು ಸಂಜೆ ಅನರ್ಥವೊಂದು ನಡೆಯಿತು. ತಂಗಿಯ ಮಗ, ಏಳು ವರ್ಷದವ, ಕ್ಯಾಮರಾ ಹಿಡಿದು ಗುಂಡಿಗಳನ್ನು ಒತ್ತುತ್ತ, ಕೇಳಿದ್ದಕ್ಕೆಲ್ಲ 'ಹೌದು' ಎಂದು ಒಪ್ಪಿಕೊಡುತ್ತ, ಕಾರ್ಡನ್ನು ಬರಿದು ಮಾಡಿಬಿಟ್ಟನು. ನನ್ನ ಕೈಕಾಲು ತಣ್ಣಗಾದವು. ಆದರೆ ಒಂದು ಸಂಗತಿ ಮೊದಲೇ ಓದಿದ್ದೆ: ಅಳಿಸಿದಾಗ ಕಾರ್ಡಿನಿಂದ ಹೋಗುವುದು ಪರಿವಿಡಿ ಮಾತ್ರ, ಪುಟಗಳು ಇನ್ನೂ ಅಲ್ಲಿಯೇ ಇರುತ್ತವೆ, ಅವುಗಳ ಮೇಲೆ ಹೊಸದನ್ನು ಬರೆಯುವವರೆಗೆ. ಒಡನೆ ಆ ಕಾರ್ಡನ್ನು ತೆಗೆದು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿದೆ. ಮರುದಿನ ಓಣಿಯವರೆಲ್ಲ ಎಳ್ಳು-ಬೆಲ್ಲಕ್ಕೆ ಬಂದಾಗ ತೆಗೆದ ಚಿತ್ರಗಳೆಲ್ಲ ಎರಡನೆಯ ಕಾರ್ಡಿಗೆ ಹೋದವು. ಅದು ಇಲ್ಲದಿದ್ದರೆ ಮೊದಲನೆಯದರಲ್ಲೇ ತೆಗೆಯುತ್ತಿದ್ದೆ, ಅಜ್ಜಿಯ ಮೇಲೆ ಓಣಿಯವರು ಬಂದು ಕೂಡುತ್ತಿದ್ದರು. ಡೊಂಬಿವಲಿಗೆ ಬಂದು ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದಾಗ ಮೂವತ್ತೆಂಟರಲ್ಲಿ ಮೂವತ್ತಾರು ಮರಳಿ ಬಂದವು. ಪರಿವಾರಕ್ಕಾಗಿ ನಾನು ಮಾಡಿದ ಖರ್ಚಿನಲ್ಲೆಲ್ಲ ಆ ಎರಡನೆಯ ಕಾರ್ಡಿನ 600 ರೂಪಾಯಿ ಸಾರ್ಥಕವಾದದ್ದು. ಈಗ ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರತಿ: ಒಂದು ನನ್ನ ಹಾರ್ಡ್ ಡಿಸ್ಕಿನಲ್ಲಿ, ಒಂದು ಪುಣೆಯಲ್ಲಿ ತಂಗಿಯ ಹತ್ತಿರ, ಒಂದು ಅಂತರ್ಜಾಲದ ಉಗ್ರಾಣದಲ್ಲಿ.

ಅಚ್ಚು ಹಾಕಿಸುವಾಗ ಅಳತೆಯನ್ನು ನೋಡಿ ಆರಿಸಿರಿ. ಈ ಕ್ಯಾಮರಾಗಳ ಚಿತ್ರ ಮೂರಕ್ಕೆ ಎರಡರ ಪ್ರಮಾಣದ್ದು. 4×6, 8×12, 12×18 ಇಂಚಿಗೆ ಪೂರ್ತಿಯಾಗಿ ಕೂಡುತ್ತದೆ. 8×10 ಕೇಳಿದರೆ ತಲೆಯನ್ನೋ ಕೈಯನ್ನೋ ಕತ್ತರಿಸಿ ಕೊಡುತ್ತಾರೆ. ನನ್ನ ಚಿತ್ರದ 6,000 ಚುಕ್ಕೆಗಳನ್ನು 18 ಇಂಚಿಗೆ ಹಂಚಿದರೆ ಇಂಚಿಗೆ 333 ಬರುತ್ತವೆ. ಕಣ್ಣಿಗೆ ಅಷ್ಟು ಧಾರಾಳ.

ಯುಗಾದಿಗೆ 12×18ರ ಚಿತ್ರವನ್ನು ಕಟ್ಟು ಹಾಕಿಸಿ ಒಯ್ದು ಅಜ್ಜಿಯ ಮುಂದೆ ಇಟ್ಟೆ. ಮಡಿಲಲ್ಲಿ ಶೇಂಗಾ, ಕೆನ್ನೆಯ ಮೇಲೆ ಬೆಳಕು, ಕಿಡಿಯ ಕಲೆ, ಬುಗುಡಿ, ಇಳಕಲ್ಲ ಸೀರೆಯ ಸೆರಗಿನ ಒಂದೊಂದು ಎಳೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಸೆರಗನ್ನು ಮುಟ್ಟಿದಳು. ನಾನು ಸುತ್ತಿಗೆ ಮೊಳೆ ಹುಡುಕಲು ಎದ್ದೆ.

"ಎಲ್ಲಿ ಹಾಕಾವ? ಗ್ವಾಡಿಗೇನು?" ಎಂದಳು. "ನಾ ಇನ್ನೂ ಗಟ್ಟಿ ಅದೀನೋ ಯಪ್ಪಾ! ಆಗಿಂದಾಗ ನೋಡಿಕೊಂತೀರಂತ, ಈಗ ಕೊಡಿಲ್ಲೆ."

ಹಳೆಯ ಸೀರೆಯಲ್ಲಿ ಸುತ್ತಿ ಅದನ್ನು ತನ್ನ ಸಂದೂಕದೊಳಗೆ ಇಟ್ಟು ಕೀಲಿ ಹಾಕಿದಳು. ಕೀಲಿಕೈ ಇನ್ನೂ ಅವಳ ಚಂಚಿಯಲ್ಲಿಯೇ ಇದೆ.